ಅಳು ಬರುವ ಪುಸ್ತಕ ಯಾಕೆ ಓದುತ್ತೀಯಾ?

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. ಗೆಳತಿಯರು ಕೇಳುತ್ತಾರೆ. ರಾತ್ರಿ ಪುಸ್ತಕ ಮುಚ್ಚಿಟ್ಟು ಕಣ್ಣೊರೆಸಿಕೊಳ್ಳುವಾಗ ಯಜಮಾನರೂ ಕೇಳುತ್ತಾರೆ. ಮೊನ್ನೆ ತಂಗಿ ಫೋನಿನಲ್ಲಿ, "ಮನೆ, ಮಕ್ಕಳು ಅಂತ ಇರೋ ಚಿಂತೆ ಸಾಲದಾ ಅಕ್ಕಾ? ದುಡ್ಡು ಕೊಟ್ಟು ಬೇರೆ ಅಳು ತಂದ್ಕೋಬೇಕಾ?" ಅಂದಳು. ಅವಳಿಗೆ ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಚೆಗೆ ಓದಿದ ನಾಲ್ಕು ಪುಸ್ತಕಗಳನ್ನು ಮುಂದಿಟ್ಟುಕೊಂಡು ಈಗ ಹೇಳುತ್ತೇನೆ.

ಆನ್ ಫ್ರಾಂಕ್ ಡೈರಿಯನ್ನು ನಾನು ಮೊದಲು ಓದಿದ್ದು ನನಗೆ 14 ವರ್ಷ ಇದ್ದಾಗ. ಆನ್‌ಗೆ ಆ ಡೈರಿ ಸಿಕ್ಕಿದ್ದು 1942ರ ಜೂನ್‌ನಲ್ಲಿ, ಅವಳ 13ನೇ ಹುಟ್ಟುಹಬ್ಬಕ್ಕೆ. ಯಹೂದಿಗಳಾಗಿದ್ದರಿಂದ ಮುಂದಿನ ತಿಂಗಳೇ ಮನೆಯವರೆಲ್ಲ ನಾಜಿಗಳ ಕಣ್ಣು ತಪ್ಪಿಸಿ ಅಡಗಿ ಕೂರಬೇಕಾಯಿತು. ಎರಡು ವರ್ಷಕ್ಕೂ ಜಾಸ್ತಿ ಕಾಲ ಅದೇ ಬಚ್ಚಿಟ್ಟ ಕೋಣೆಗಳು. ಆಗ ಓದುವಾಗ ನಾನೇ ಆನ್ ಆಗಿಬಿಟ್ಟಿದ್ದೆ. ಅವಳಿಗೆ ಅಮ್ಮನ ಮೇಲೆ ಬರುವ ಸಿಟ್ಟೆಲ್ಲ ನನ್ನದೇ ಸಿಟ್ಟು ಅನ್ನಿಸಿತ್ತು. ಅಮ್ಮನನ್ನು ಬೈದು ಬರೆದ ಸಾಲುಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಈ ಸಲ ಅದೇ ಪ್ರತಿಯನ್ನು ಹುಡುಕಿ ತೆಗೆದೆ. ಹಾಳೆ ಕಂದಾಗಿದೆ, ಗೆರೆಗಳು ಹಾಗೇ ಇವೆ.

1943ರ ಏಪ್ರಿಲ್ 2ರಂದು ಬರೆದದ್ದು ಒಂದಿದೆ. ರಾತ್ರಿ ಮಲಗುವಾಗ ಅಪ್ಪ ಬಂದು ಜೊತೆಯಲ್ಲಿ ಪ್ರಾರ್ಥನೆ ಹೇಳುವುದು ರೂಢಿ. ಅವತ್ತು ಅಪ್ಪನ ಬದಲು ಅಮ್ಮ ಬರುತ್ತಾಳೆ. ನಾನು ಹೇಳಲಾ ಅಂತ ಕೇಳುತ್ತಾಳೆ. ಆನ್ ಬೇಡ ಅನ್ನುತ್ತಾಳೆ. ಅಮ್ಮ ಎದ್ದು ಹಾಸಿಗೆಯ ಪಕ್ಕದಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ. ನಿಧಾನಕ್ಕೆ ಬಾಗಿಲವರೆಗೆ ಹೋಗಿ ತಿರುಗುತ್ತಾಳೆ. ನಿನ್ನ ಮೇಲೆ ಕೋಪ ಮಾಡಿಕೊಳ್ಳಲ್ಲ, ನನ್ನನ್ನು ಪ್ರೀತಿಸು ಅಂತ ಬಲವಂತ ಮಾಡೋಕಾಗಲ್ಲ ಅನ್ನುವ ಅರ್ಥದ ಮಾತು ಹೇಳಿ ಹೋಗಿಬಿಡುತ್ತಾಳೆ. ಕೆನ್ನೆಯ ಮೇಲೆ ಕಣ್ಣೀರು.

14ನೇ ವಯಸ್ಸಿನಲ್ಲಿ ಈ ಪುಟವನ್ನು ನಾನು ಹೇಗೆ ದಾಟಿ ಹೋದೆನೋ ಗೊತ್ತಿಲ್ಲ. ಅಲ್ಲಿ ಒಂದು ಗೆರೆಯೂ ಇಲ್ಲ. ಈ ಸಲ ಅಲ್ಲೇ ನಿಂತುಬಿಟ್ಟೆ. ಆ ಬಾಗಿಲ ಹತ್ತಿರ ನಾನೂ ನಿಂತಿದ್ದೇನೆ. ನನ್ನ ಮಗಳಿಗೆ ಈಗ 13. ರಾತ್ರಿ ಅವಳ ಕೋಣೆಗೆ ಹೋಗಿ ತಲೆ ಸವರಲು ಕೈ ಚಾಚಿದರೆ, "ಅಮ್ಮಾ, ಪ್ಲೀಸ್" ಅಂತ ಆ ಕಡೆ ತಿರುಗುತ್ತಾಳೆ. ಸಿಟ್ಟಿನಿಂದ ಹೇಳುವುದಿಲ್ಲ. ಆದರೂ ಚಾಚಿದ ಕೈಯನ್ನು ಏನು ಮಾಡಬೇಕು ಅಂತ ಒಂದು ಕ್ಷಣ ತೋಚುವುದಿಲ್ಲ. ಹೊದಿಕೆ ಸರಿ ಮಾಡಿ ಬರುತ್ತೇನೆ.

ಆ ತಾಯಿಯ ಹೆಸರು ಈಡಿತ್. ಈ ಸಲ ಅವಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1944ರ ಜನವರಿಯಲ್ಲಿ ಆನ್ ತನ್ನ ಡೈರಿಯನ್ನೇ ತಿರುವಿ ಹಾಕಿ, ಅಮ್ಮನ ಬಗ್ಗೆ ಇಷ್ಟು ಕಟುವಾಗಿ ಬರೆದೆನಾ ಅಂತ ಬೆಚ್ಚುತ್ತಾಳೆ. ಅದಾದ ಏಳೇ ತಿಂಗಳಿಗೆ ಎಲ್ಲರೂ ಸಿಕ್ಕಿಬಿದ್ದರು. ಆಶ್‌ವಿಟ್ಜ್ ಶಿಬಿರದಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಕೊಂಚ ಕಾಲ ಒಟ್ಟಿಗಿದ್ದರು. ಆಮೇಲೆ ಮಕ್ಕಳನ್ನು ಬೇರೆ ಶಿಬಿರಕ್ಕೆ ಸಾಗಿಸಿದರು. ಈಡಿತ್ 1945ರ ಜನವರಿ 6ರಂದು ಅಲ್ಲೇ ತೀರಿಕೊಂಡಳು. 45 ತುಂಬಲು ಹತ್ತು ದಿನ ಬಾಕಿ ಇತ್ತು. ನನಗೀಗ 43. ಮನೆಯವರಲ್ಲಿ ಬದುಕಿ ಉಳಿದವನು ತಂದೆ ಆಟೋ ಒಬ್ಬನೇ. 1947ರಲ್ಲಿ ಡೈರಿ ಅಚ್ಚು ಮಾಡಿಸುವಾಗ ಹೆಂಡತಿಯ ಬಗ್ಗೆ ಮಗಳು ಬರೆದ ಕೆಲವು ಕಟು ಮಾತುಗಳನ್ನು ಅವನು ತೆಗೆದುಹಾಕಿದ. ಅವು ಪುಸ್ತಕಕ್ಕೆ ಸೇರಿದ್ದು ಎಷ್ಟೋ ವರ್ಷಗಳ ನಂತರ. ಹೆಂಡತಿಯನ್ನೂ ಮಕ್ಕಳನ್ನೂ ಕಳೆದುಕೊಂಡ ಮನುಷ್ಯ ಪೆನ್ನು ಹಿಡಿದು ಆ ಸಾಲುಗಳ ಮುಂದೆ ಕೂತಿದ್ದನ್ನು ನೆನೆದರೆ ಎದೆ ಹಿಂಡಿದಂತಾಗುತ್ತದೆ. ತಂಗಿ ಫೋನ್ ಮಾಡಿದ್ದು ನಾನು ಇದನ್ನು ಓದಿದ ಮಾರನೇ ದಿನ. ನನ್ನ ದನಿ ಕೇಳಿಯೇ ಅವಳಿಗೆ ಗೊತ್ತಾಗಿತ್ತು.

ಎರಡನೆಯದು ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕತೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕತೆಗಳ ಸಂಕಲನಕ್ಕೆ ಹೆಸರು ಕೊಟ್ಟ ಕತೆ ಇದೇ. ಮೆಹರುನ್ ಗಂಡ ಇನ್ನೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನು ಎತ್ತಿಕೊಂಡು ತವರಿಗೆ ಬಂದರೆ, ಅಣ್ಣಂದಿರು ಮರ್ಯಾದೆಯ ಮಾತಾಡಿ ವಾಪಸ್ ಕರೆದುಕೊಂಡು ಹೋಗಿ ಬಿಡುತ್ತಾರೆ. ಅವತ್ತು ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ತಡೆಯುವವಳು ದೊಡ್ಡ ಮಗಳು ಸಲ್ಮಾ. ಅಪ್ಪನಿಗಾಗಿ ಸಾಯಲು ಹೊರಟವಳಿಗೆ ನಮಗಾಗಿ ಬದುಕೋಕಾಗಲ್ವಾ ಅಂತ ಅವಳು ಕೇಳುತ್ತಾಳೆ.

ನನ್ನನ್ನು ಅಲುಗಾಡಿಸಿದ್ದು ಸಲ್ಮಾ ಅಷ್ಟು ಹೊತ್ತಿನಲ್ಲಿ ಎದ್ದು ಬಂದದ್ದು. ಹಗಲೆಲ್ಲ ದೊಡ್ಡವರು ಮಾತಾಡಿದ್ದನ್ನು ಆ ಹುಡುಗಿ ಕೇಳಿಸಿಕೊಂಡಿದ್ದಾಳೆ. ಅಮ್ಮನ ಮುಖ ನೋಡಿದ್ದಾಳೆ. ಮಕ್ಕಳಿಗೆ ಏನೂ ತಿಳಿಯಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಮಗ ಹುಟ್ಟಿದ ಮೇಲಿನ ತಿಂಗಳುಗಳು ನನಗೆ ತುಂಬಾ ಕಷ್ಟದವು. ಬಾಣಂತನದಲ್ಲಿ ಕಾರಣವೇ ಇಲ್ಲದೆ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದೆ. ಯಾರಿಗೂ ಕೇಳಿಸಲ್ಲ ಅಂದುಕೊಂಡಿದ್ದೆ. ಒಂದು ದಿನ ಬಾಗಿಲು ತೆಗೆದರೆ ಎದುರಿಗೇ ಮಗಳು, ಕೈಯಲ್ಲಿ ಟವಲ್ ಹಿಡಿದು ನಿಂತಿದ್ದಳು. ಅವಳಿಗೆ ಆಗ ಆರು ವರ್ಷ. ಮಾರನೇ ದಿನವೇ ಡಾಕ್ಟರ ಹತ್ತಿರ ಹೋದೆ. ಬಾನು ಅವರೂ ಬಾಣಂತನದಲ್ಲಿ ಇಂಥ ಕತ್ತಲನ್ನು ದಾಟಿ ಬಂದವರು, ಅದನ್ನು ಬಾಯಿಬಿಟ್ಟು ಹೇಳಿದವರು. ಅವರು ಹೇಳಿದ್ದು ಎಷ್ಟು ಹೆಂಗಸರಿಗೆ ಧೈರ್ಯ ಕೊಟ್ಟಿರುತ್ತದೆ! ನನಗಂತೂ ಕೊಟ್ಟಿದೆ. ಇಲ್ಲದಿದ್ದರೆ ಆ ಟವಲ್ ವಿಷಯವನ್ನು ಇವತ್ತು ಇಲ್ಲಿ ಬರೆಯುತ್ತಿರಲಿಲ್ಲ.

ಭೈರಪ್ಪನವರ 'ಗೃಹಭಂಗ' ಓದಿ ಮುಗಿಸಲು ಒಂದು ತಿಂಗಳು ಹಿಡಿಯಿತು. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶ್ಯಾನುಭೋಗ, ಲೆಕ್ಕ ಬರೆಯುವವಳು ನಂಜಮ್ಮ. ಮನೆ ನಡೆಸುವವಳೂ ಅವಳೇ. ಪ್ಲೇಗ್ ಬಂದು ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಕೊಂಡೊಯ್ಯುವ ಪುಟಗಳಲ್ಲಿ ಎರಡು ಸಲ ಪುಸ್ತಕ ಕೆಳಗಿಟ್ಟೆ. ಲೇಖಕರು ಅಲ್ಲಿ ದನಿ ಎತ್ತುವುದೇ ಇಲ್ಲ. ಒಂದಾದ ಮೇಲೆ ಒಂದು ನಡೆದದ್ದನ್ನು ಹೇಳುತ್ತಾ ಹೋಗುತ್ತಾರೆ. ಸಣ್ಣ ವಯಸ್ಸಿನಲ್ಲೇ ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡವರು ಅವರು. ಈ ಕಾದಂಬರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಇನ್ನೂ ಆಗುತ್ತಿಲ್ಲ.

ಅಳು ಬರಲು ಪುಸ್ತಕ ದುಃಖದ್ದೇ ಆಗಬೇಕಿಲ್ಲ. ಮಗನಿಗೆ ಓದಿ ಹೇಳಲು ಅಂತ 'ತೊತ್ತೊಚಾನ್' ತೆಗೆದೆ. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು, 1981ರ ಪುಸ್ತಕ. ತೊತ್ತೊಚಾನ್ ಅಂದರೆ ಪುಟ್ಟ ಹುಡುಗಿಯಾಗಿದ್ದ ಅವರೇ. ಹಳೇ ರೈಲು ಡಬ್ಬಿಗಳಲ್ಲಿ ನಡೆಯುವ ಶಾಲೆ ಅಂದರೆ ನನ್ನ ಮಗನಿಗೆ ಪ್ರಾಣ. ಹೊಸ ಹುಡುಗಿಯ ಮಾತನ್ನು ನಾಲ್ಕು ಗಂಟೆ ಕೂತು ಕೇಳುವ ಹೆಡ್‌ಮಾಸ್ಟರು ಎಲ್ಲರಿಗೂ ನೆನಪಿರುತ್ತಾರೆ. ನನಗೆ ಈ ಸಲ ಕಂಡದ್ದು ಅಮ್ಮ. ತೊತ್ತೊಚಾನ್ ಬೇಲಿ ಕೆಳಗೆ ನುಸುಳಿ ಬಟ್ಟೆ ಹರಿದುಕೊಂಡು ಬರುತ್ತಾಳೆ. ದಾರಿಯಲ್ಲಿ ಹುಡುಗರು ಬೆನ್ನಿಗೆ ಚಾಕು ಎಸೆದರು, ಅದಕ್ಕೇ ಹರಿಯಿತು ಅಂತ ಸುಳ್ಳು ಹೇಳುತ್ತಾಳೆ. ಬೆನ್ನಿಗೆ ಒಂದು ಗೀರೂ ಆಗಿಲ್ಲ. ಅಮ್ಮನಿಗೆ ಎಲ್ಲಾ ಗೊತ್ತಾಗುತ್ತದೆ. ಹೌದಾ, ಎಷ್ಟು ಭಯ ಆಗಿರಬೇಕು ಅಂದು ಸುಮ್ಮನಾಗುತ್ತಾಳೆ. ಈ ಬಟ್ಟೆ ಅಮ್ಮನಿಗೆ ಇಷ್ಟ ಅಂತ ಮಗುವಿಗೆ ಗೊತ್ತಿದೆ, ಅದಕ್ಕೇ ಈ ಸುಳ್ಳು ಅನ್ನುವುದು ಅವಳಿಗೆ ಹೊಳೆಯುತ್ತದೆ. ಮೊದಲ ಶಾಲೆಯವರು ನಿನ್ನನ್ನು ಹೊರಗೆ ಹಾಕಿದ್ದರು ಅನ್ನುವ ವಿಷಯವನ್ನೂ ಈ ಅಮ್ಮ ಮಗಳಿಗೆ 20 ವರ್ಷ ದಾಟುವವರೆಗೆ ಹೇಳಲಿಲ್ಲ. ಇದನ್ನು ಓದುವಾಗ ನನ್ನ ಗಂಟಲು ಕಟ್ಟಿತು. "ಯಾಕಮ್ಮಾ ನಿಲ್ಲಿಸಿದೆ?" ಅಂತ ಮಗ ಕೇಳಿದ. ಹಿಂದಿನ ವಾರವಷ್ಟೇ ಅವನ ಒಂದು ಸಣ್ಣ ಸುಳ್ಳನ್ನು ಹಿಡಿದು, ಒಪ್ಪಿಕೊಳ್ಳುವವರೆಗೂ ಬಿಟ್ಟಿರಲಿಲ್ಲ ನಾನು. ಆ ಸುಳ್ಳಿನ ಹಿಂದೆ ಏನಿತ್ತು ಅಂತ ನೋಡಿರಲಿಲ್ಲ.

ತಂಗೀ, ನಿನಗೆ ನನ್ನ ಉತ್ತರ ಇದು. ಯಾರ ಹತ್ತಿರವೂ ಹೇಳದೆ ಒಳಗೇ ಇಟ್ಟುಕೊಂಡದ್ದನ್ನು ಎಲ್ಲೋ ಇರುವ ಇನ್ಯಾರೋ ಬರೆದಿಟ್ಟಿದ್ದಾರೆ ಅಂತ ಗೊತ್ತಾದಾಗ ನನಗೆ ಅಳು ಬರುತ್ತದೆ. ಅತ್ತ ಮೇಲೆ ಮೈ ಹಗುರಾಗಿರುತ್ತದೆ. ಎದ್ದು ಹೋಗಿ ಮಲಗಿದ ಮಕ್ಕಳನ್ನು ಒಂದು ಸಲ ನೋಡಿ ಬರುತ್ತೇನೆ. ನೀನು ಹೇಳುವ ಚಿಂತೆ ಆಗಲೂ ಇರುತ್ತದೆ. ಆದರೆ ಅದನ್ನು ಹೊತ್ತವಳು ನಾನೊಬ್ಬಳೇ ಅನ್ನಿಸುವುದಿಲ್ಲ.

ಈಗ ಆನ್ ಫ್ರಾಂಕ್ ಡೈರಿ ಮಗಳ ಕೈಯಲ್ಲಿದೆ. ಅದೇ ಹಳೇ ಪ್ರತಿ. ಕೊಡುವ ಮುಂಚೆ ಪೆನ್ಸಿಲ್ ಗೆರೆಗಳನ್ನು ಅಳಿಸಿಬಿಡಲಾ ಅಂತ ರಬ್ಬರ್ ಹಿಡಿದುಕೊಂಡು ಕೂತಿದ್ದೆ. ಅಳಿಸಲಿಲ್ಲ. ನಿನ್ನೆ ರಾತ್ರಿ ಪುಸ್ತಕ ತೆರೆದುಕೊಂಡೇ ಬಂದಳು. "ಅಮ್ಮಾ, ಈ ಗೆರೆ ಯಾರು ಎಳೆದಿದ್ದು?"

"ನಾನೇ."

ಆ ಸಾಲನ್ನು ಇನ್ನೊಮ್ಮೆ ಓದಿದಳು. ನನ್ನ ಮುಖ ನೋಡಿದಳು. ಆಮೇಲೆ ತನ್ನ ಕೋಣೆಗೆ ಹೋಗದೆ ನನ್ನ ಪಕ್ಕದಲ್ಲೇ ಕೂತು ಮುಂದಿನ ಪುಟ ತಿರುಗಿಸಿದಳು.