ಒಂದು ಆನೆ, ನಾಲ್ಕು ಸಿಪಾಯಿ

16 ನವೆಂಬರ್ 2025, ಭಾನುವಾರ, ರಾಯಚೂರು

ಇವತ್ತು ಕಾಕಾನ ಜೊತೆ ಚೆಸ್ ಗೆದ್ದೆ. ಮೊದಲನೇ ಸಲ. ಹನ್ನೊಂದೂವರೆ ಆಯ್ತು, ಇನ್ನೂ ನಿದ್ದೆ ಇಲ್ಲ.

ದಸರಾ ರಜೆಯಲ್ಲಿ ಕಲಿಯೋಕೆ ಶುರು ಮಾಡಿದ್ದು. ಕುದುರೆ ಎಲ್ಲಿಗೆ ಹಾರುತ್ತದೆ ಅಂತ ಈಗಲೂ ಮನೆ ಎಣಿಸಿ ನೋಡ್ತೀನಿ. ಇವತ್ತೂ ಅದೇ ಕುದುರೆಯಿಂದಲೇ ಕೆಟ್ಟೆ. ಕಾಕಾನ ಕುದುರೆ ಒಂದೇ ನಡೆಯಲ್ಲಿ ನನ್ನ ರಾಜನಿಗೆ ಚೆಕ್ ಕೊಟ್ಟು ರಾಣಿಗೂ ಗುರಿಯಿಟ್ಟಿತು. ರಾಜನನ್ನು ಸರಿಸಿದೆ, ರಾಣಿ ಹೋಯಿತು. ಆಮೇಲೆ ಒಂದೊಂದೇ ಕಾಯಿ. ಕೊನೆಗೆ ರಾಜನ ಜೊತೆ ಉಳಿದದ್ದು ಒಂದು ಆನೆ, ನಾಲ್ಕು ಸಿಪಾಯಿ. ಅವರ ಹತ್ತಿರ ರಾಣಿಯೂ ಇತ್ತು, ಆನೆಯೂ ಇತ್ತು. ಸಾಕು ಅಂತ ಕಾಯಿ ಎತ್ತೋಕೆ ಹೋದೆ.

"ಇಡು, ಇಡು. ರಾಜ ಇನ್ನಾ ನಿಂತಾನಲ್ಲವ್ವಾ."

ಮತ್ತೆ ಗುಕೇಶ್ ಕಥೆ ತೆಗೆದರು. 2024ರ ಡಿಸೆಂಬರ್, ಸಿಂಗಪುರ, 14ನೇ ಆಟ. ಡ್ರಾ ಆಗೋ ಹಾಗಿದ್ದ ಆಟದಲ್ಲಿ ಆಗಿನ ವಿಶ್ವ ಚಾಂಪಿಯನ್ ಡಿಂಗ್ ಲಿರೆನ್ 55ನೇ ನಡೆಗೆ ಆನೆಯನ್ನು ತಪ್ಪು ಮನೆಗೆ ತಂದರು. ಹದಿನೆಂಟರ ಹುಡುಗ ವಿಶ್ವ ಚಾಂಪಿಯನ್ ಆದ. "ಅಂಥಾವರೇ ತಪ್ಪತಾರ, ಕೂತು ನೋಡು." ಈ ಕಥೆ ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ ಅನ್ನುತ್ತದೆ.

ಗಂಜ್ ಕಡೆ ಹತ್ತಿ ತುಂಬಿದ ಗಾಡಿ ಹೋಯಿತು. ಒಂದು ಎಳೆ ಹತ್ತಿ ಹಾರಿಬಂದು ಬೋರ್ಡಿನ ಮೇಲೆ ಬಿತ್ತು. ಕಾಕಾ ಅದನ್ನು ಊದಿ, ಹಿಂದಿನ ಸಾಲಲ್ಲಿ ಕಾವಲಿದ್ದ ತಮ್ಮ ಆನೆಯನ್ನು ಎತ್ತಿ ನನ್ನ ರಾಜನ ಹತ್ತಿರ ತಂದಿಟ್ಟರು. ಮುಂದಿನ ನಡೆಗೆ ನನ್ನ ಕಥೆ ಮುಗಿಯಬೇಕಿತ್ತು.

ನಾನು ಸುಮ್ನೆ ನೋಡ್ತಾ ಕೂತೆ. ಅವರ ರಾಜ ಮೂಲೆಯ ಹತ್ತಿರ. ಮುಂದೆ ಮೂರು ಸಿಪಾಯಿ, ಒಂದೂ ಕದಲಿಲ್ಲ, ರಾಜನಿಗೆ ಹೊರಬರೋಕೆ ದಾರಿ ಇಲ್ಲ. ಹಿಂದಿನ ಸಾಲು ಪೂರ್ತಿ ಖಾಲಿ. ನನ್ನ ಆನೆಯ ದಾರಿಯೂ ಖಾಲಿ. ಕೈ ನಡುಗ್ತಿತ್ತು. ಆನೆಯನ್ನು ಕೊನೆಯ ಮನೆವರೆಗೆ ತಳ್ಳಿದೆ. "ಚೆಕ್" ಅಂದೆ. ಮೇಟ್, ಅಂದ್ರೆ ಆಟ ಮುಗೀತು, ಅನ್ನೋಕೆ ಧೈರ್ಯ ಸಾಲಲಿಲ್ಲ.

ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟರು.

ಎಷ್ಟು ಖುಷಿ ಆಯ್ತು ಅಂದ್ರೆ ಓಡಿಹೋಗಿ ಎಲ್ಲರಿಗೂ ಮಂಡಾಳು ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದೆ.

ಆದರೆ ಮಲಗಿದ ಮೇಲೆ ನೆನಪಾಯಿತು. ಮೊದಲ ವಾರವೇ ಕಾಕಾ ಹೇಳಿಕೊಟ್ಟ ಪಾಠ ಇದು. "ರಾಜಗ ಒಂದು ಕಿಟಕಿ ತೆಗೆದಿಡು, ಒಂದು ಸಿಪಾಯಿ ಒಂದು ಮನಿ ಮುಂದ ಇಡು." ಪ್ರತಿ ಆಟದಲ್ಲೂ ಮರೆಯದೆ ಮಾಡ್ತಿದ್ದರು. ಇವತ್ತು ಮಾಡಲಿಲ್ಲ. ನನಗೆ ಗೆಲ್ಲೋಕೆ ಬಿಟ್ಟರಾ? ಹಾಗಾಗಿದ್ರೆ ಬೇಜಾರಿಲ್ಲ. ಹಾಗೇ ಆಗಿರಲಿ. ಹೋದ ವಾರ ಒಂದೇ ಮಾತನ್ನು ಎರಡು ಸಲ ಕೇಳಿದ್ದರು. ಕಾಕಿ ಮೊನ್ನೆ ಕೀಲಿಕೈ ವಿಷಯ ಏನೋ ಹೇಳೋಕೆ ಬಂದು ಸುಮ್ಮನಾದರು.

ಕಾಯಿ ಡಬ್ಬಿ ನಮ್ಮ ಕಟ್ಟೆ ಮೇಲೇ ಉಳಿದಿದೆ. ಕಾಕಾ ಯಾವತ್ತೂ ಅದನ್ನು ಬಿಟ್ಟು ಹೋದವರಲ್ಲ, ಬಗಲಲ್ಲಿ ಇಟ್ಟುಕೊಂಡೇ...