38 ಪರ್ಸೆಂಟ್ ಚಾರ್ಜ್ ಇತ್ತು

"ಮಾವ, ಕೆರೆ ಒಂಥರಾ ಸದ್ದು ಮಾಡ್ತಿದೆ, ಕೇ..."

ಅಷ್ಟೇ. ಅಲ್ಲಿಗೆ ಕಾಲ್ ಕಟ್ ಆಯಿತು. ಭಾನುವಾರ ಬೆಳಿಗ್ಗೆ ಏಳೂವರೆ ಹೊತ್ತಿಗೆ. ಇವತ್ತು ಗುರುವಾರ. ಈ ನಾಲ್ಕು ದಿನದಲ್ಲಿ ಆ ಅರ್ಧ ಮಾತು ನನ್ನ ಕಿವಿಯಲ್ಲಿ ಎಷ್ಟು ಸಲ ತಿರುಗಿತೋ ಲೆಕ್ಕವಿಲ್ಲ. ಹಾಸನದ ಅಂಗಡಿಯಲ್ಲಿ ಕೂತು ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿರುತ್ತೇನೆ, ಇದ್ದಕ್ಕಿದ್ದ ಹಾಗೆ ಆ "ಕೇ..." ಕೇಳಿಸುತ್ತದೆ. ಕೈ ನಿಂತುಬಿಡುತ್ತದೆ.

ಅಕ್ಕನ ಮಗ ಅಮೆರಿಕದ ಮಿನೆಸೋಟಾಕ್ಕೆ ಹೋಗಿ ಎರಡು ವರ್ಷವಾಯಿತು. ಶನಿವಾರ ಅಂಗಡಿ ಮುಚ್ಚಿ ನಾನು ಸಕಲೇಶಪುರದ ಹತ್ತಿರ ಇರುವ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಕಾಫಿ ಕುಯಿಲು ನಡೆಯುತ್ತಿದೆ. ಬೆಳಿಗ್ಗೆ ಎದ್ದು ಕಣದ ಟಾರ್ಪಾಲ್ ಎಳೆಯುತ್ತಿದ್ದೆವು. ಇಬ್ಬನಿ ಬಿದ್ದು ಟಾರ್ಪಾಲ್ ಒದ್ದೆಯಾಗಿತ್ತು, ಬೆರಳು ಜೋಮು ಹಿಡಿಯುವಷ್ಟು ಚಳಿ. ಚಳಿ ಅಂದರೆ ನಮ್ಮ ಚಳಿ, 14 ಡಿಗ್ರಿ. ಆಗ ವಿಡಿಯೋ ಕಾಲ್ ಬಂತು. ಅವನಿಗೆ ಇನ್ನೂ ಶನಿವಾರ ರಾತ್ರಿ ಎಂಟು ಗಂಟೆ. ಅವರ ಮನೆಗೆ ನೆಟ್‌ವರ್ಕ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ, ಮೂವರೂ ಆ ಮೂಲೆಗೆ ಓಡಿದೆವು.

ಹುಡುಗ ಮಿಲ್ ಲ್ಯಾಕ್ಸ್ ಅನ್ನೋ ಕೆರೆಯ ಮೇಲೆ ಇದ್ದ. ದಡದಲ್ಲಿ ಅಲ್ಲ, ಮೇಲೆ. ನಾವು ಕೆರೆ ಅಂದುಕೊಳ್ಳುವ ಅಳತೆಯೂ ಅಲ್ಲ ಅದು, 500 ಚದರ ಕಿಲೋಮೀಟರಿಗಿಂತ ದೊಡ್ಡದು. ನಮ್ಮ ಗೊರೂರು ಹಿನ್ನೀರಿನಂಥ ನಾಲ್ಕೈದನ್ನು ಪಕ್ಕಪಕ್ಕ ಹಾಸಿದರೂ ಅದರಷ್ಟು ಅಗಲ ಬರದು. ಚಳಿಗಾಲದಲ್ಲಿ ಅಷ್ಟೂ ನೀರಿನ ಮೇಲ್ಭಾಗ ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಜನ ಅದರ ಮೇಲೆ ನಡೆದುಕೊಂಡು, ಗಾಡಿ ಓಡಿಸಿಕೊಂಡು ಹೋಗಿ, ದೊಡ್ಡ ಬೈರಿಗೆಯಿಂದ ತೂತು ಕೊರೆದು, ಆ ತೂತಿನಲ್ಲಿ ಗಾಳ ಇಳಿಬಿಟ್ಟು ಕೂರುತ್ತಾರೆ. ಅವತ್ತು ಮೈನಸ್ 27 ಡಿಗ್ರಿ ಅಂದ. ಅವನ ಹುಬ್ಬಿನ ಮೇಲೆ ಬಿಳಿ ಪುಡಿ ಕೂತಿತ್ತು, ಅವನ ಉಸಿರೇ ಹೆಪ್ಪುಗಟ್ಟಿದ್ದು ಅದು. ತೂತಿನ ಬಾಯಿ ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ನಾವು ಬೋಂಡ ಎತ್ತುವ ಜಾಲರಿ ಸೌಟು ಇರುತ್ತಲ್ವಾ, ಅಂಥದ್ದೇ ಒಂದರಿಂದ ಮಂಜಿನ ಚೂರು ಎತ್ತಿ ಎತ್ತಿ ಹಾಕುತ್ತಿದ್ದ.

"ಅಷ್ಟು ಚಳಿಯಲ್ಲಿ ಫೋನ್ ಕೈಯಲ್ಲಿ ಹಿಡ್ಕೊಂಡಿದ್ದೀಯಲ್ಲೋ, ಚಾರ್ಜ್ ಎಷ್ಟಿದೆ?" ಅಂದೆ. ನನ್ನ ಕಸುಬೇ ಬ್ಯಾಟರಿ, ಮೊದಲು ಬಾಯಿಗೆ ಬರುವ ಪ್ರಶ್ನೆ ಅದು.

"38 ಇದೆ ಮಾವ, ಏನೂ ಆಗಲ್ಲ."

ಆಮೇಲೆ ಫೋನನ್ನು ಎಲ್ಲೋ ಕೆಳಗೆ ಇಟ್ಟ. ಪರದೆ ತುಂಬ ಕತ್ತಲೆ. "ಮಾವ, ಕೆರೆ ಒಂಥರಾ ಸದ್ದು ಮಾಡ್ತಿದೆ, ಕೇ..."

ಅಕ್ಕ ಕಣದಲ್ಲೇ ಕುಸಿದು ಕೂತಳು. ಐಸ್ ಒಡೆಯಿತು, ನನ್ನ ಪುಟ್ಟ ನೀರಿಗೆ ಬಿದ್ದ ಅಂದಳು. ನಾನು ಮತ್ತೆ ಮತ್ತೆ ಮಾಡಿದೆ, ಫೋನ್ ಸ್ವಿಚ್ ಆಫ್. ಭಾವ ಒಂದು ಮಾತೂ ಆಡದೆ ಕುಂಟೆ ತೆಗೆದುಕೊಂಡು ಕಾಫಿ ಎಳೆಯಲು ಶುರು ಮಾಡಿದರು. ಎಳೆದ ಜಾಗವನ್ನೇ ಮತ್ತೆ ಎಳೆಯುತ್ತಿದ್ದರು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ "ಮೀನು ತಿನ್ನಬೇಕಂದ್ರೆ ಅಲ್ಲಿ ಅಂಗಡಿ ಇಲ್ವಾ" ಅಂದಿದ್ದರು. ಆ ಮಾತು ನನಗೆ ಹಿಡಿಸಿರಲಿಲ್ಲ. ಆ ಹುಡುಗ ಅಲ್ಲಿ ಮೊದಲ ವರ್ಷ ರಜಾ ದಿನ ಪೂರ್ತಿ ರೂಮಿನಲ್ಲಿ ಒಬ್ಬನೇ ಮಲಗಿರುತ್ತಿದ್ದ. ಪಕ್ಕದ ಮನೆಯ ಒಬ್ಬ ಅಜ್ಜ ತಾನಾಗೇ ಬಾಗಿಲು ತಟ್ಟಿ, ದಪ್ಪ ಕೋಟು, ಬೂಟು ಎಲ್ಲ ಕೊಟ್ಟು, ಬಾ ಅಂತ ಕರೆದುಕೊಂಡು ಹೋಗಿದ್ದು ಈ ಮೀನಿಗೆ. ಆ ಅಜ್ಜನ ಋಣ ನಮ್ಮ ಮನೆಯ ಮೇಲಿದೆ. ನಾನು ಅವರ ಮುಖ ನೋಡಿರುವುದು ಒಂದೇ ಸಲ, ಫೋನಿನಲ್ಲಿ, ಆದರೂ ಹೇಳುತ್ತೇನೆ.

ಫೋನ್ ಯಾಕೆ ಆಫ್ ಆಯಿತು ಅಂತ ನನಗೆ ಗೊತ್ತಿತ್ತು. ಅಕ್ಕನಿಗೆ ಹೇಗೆ ಹೇಳುವುದು? ಒಲೆಯ ಹತ್ತಿರ ಅವಳು ದಿನಾ ಇಡುವ ತೆಂಗಿನೆಣ್ಣೆ ಸೀಸೆ ಕಂಡಿತು. ಅವತ್ತು ಇನ್ನೂ ಒಲೆ ಪಕ್ಕಕ್ಕೆ ಹೋಗಿರಲಿಲ್ಲ, ಗೂಡಿನಲ್ಲೇ ಬೆಳ್ಳಗೆ ಗಟ್ಟಿಯಾಗಿತ್ತು. ತಂದು ಅವಳ ಮುಂದೆ ತಲೆಕೆಳಗು ಹಿಡಿದೆ. ಒಂದು ತೊಟ್ಟೂ ಬೀಳಲಿಲ್ಲ. "ನೋಡಕ್ಕ, ಎಣ್ಣೆ ಖಾಲಿಯಾಗಿದೆಯಾ? ಇಲ್ಲ. ಒಳಗೇ ಇದೆ, ಆಚೆ ಬರ್ತಿಲ್ಲ. ಅವನ ಫೋನೂ ಹಂಗೇ. 38 ಪರ್ಸೆಂಟ್ ಒಳಗೇ ಕೂತಿದೆ."

ನಿಜವೂ ಅದೇ. ಫೋನಿನ ಲಿಥಿಯಂ ಬ್ಯಾಟರಿಯೊಳಗಿನ ದ್ರವ ಚಳಿಗೆ ಮಂದವಾಗುತ್ತದೆ. ಲಿಥಿಯಂ ಕಣಗಳು ಈ ಕಡೆಯಿಂದ ಆ ಕಡೆಗೆ ಓಡಾಡುವುದು ನಿಧಾನವಾಗುತ್ತದೆ, ಒಳಗಿನ ತಡೆ ಜಾಸ್ತಿಯಾಗುತ್ತದೆ. ಸುಮ್ನೆ ಜೇಬಿನಲ್ಲಿದ್ದರೆ ಹೇಗೋ ನಡೆದೀತು. ವಿಡಿಯೋ ಕಾಲ್ ಅಂದರೆ ಕ್ಯಾಮೆರಾ, ಪರದೆ, ನೆಟ್‌ವರ್ಕ್ ಎಲ್ಲ ಒಟ್ಟಿಗೆ ಕರೆಂಟ್ ಕೇಳುತ್ತವೆ. ಕೇಳಿದಷ್ಟು ಕೊಡಲಾಗದೆ ವೋಲ್ಟೇಜ್ ಸರಕ್ಕನೆ ಬೀಳುತ್ತದೆ, ಫೋನ್ ತಾನೇ ಆಫ್ ಆಗುತ್ತದೆ. ಅವನ ಫೋನಿನ ಕಂಪನಿಯವರೇ 0ಯಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಬರೆದಿದ್ದಾರೆ. ಅವನಿದ್ದದ್ದು ಮೈನಸ್ 27ರಲ್ಲಿ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಯಾಕೆಂದರೆ ಫೋನ್ ನೀರಿಗೆ ಬಿದ್ದರೂ ಸ್ವಿಚ್ ಆಫ್ ಅಂತಲೇ ಬರುತ್ತದೆ. ಎರಡೂ ಒಂದೇ ಥರ ಕೇಳಿಸುತ್ತದೆ.

ಅಷ್ಟರಲ್ಲಿ ಪಕ್ಕದ ತೋಟದ ಹೆಂಗಸೊಬ್ಬರು ಬಂದರು. ಯಾವುದೋ ದೇಶದಲ್ಲಿ ಕಾರು ಸಮೇತ ಐಸ್ ಒಳಗೆ ಹೋದ ವಿಡಿಯೋ ನೋಡಿದ್ದೆ ಅಂತ ಅಕ್ಕನ ಮುಂದೆ ವಿವರವಾಗಿ ಹೇಳಿದರು. ಅವರು ಕೆಟ್ಟವರಲ್ಲ, ಕಷ್ಟ ಅಂದರೆ ಓಡಿ ಬರುತ್ತಾರೆ. ಆದರೆ ಯಾವ ಹೊತ್ತಿನಲ್ಲಿ ಯಾವ ಮಾತು ಅನ್ನುವುದು ಕೆಲವರಿಗೆ ತಿಳಿಯುವುದೇ ಇಲ್ಲ. ಅವತ್ತು ಅವರ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ.

ಅಕ್ಕ ಅಷ್ಟು ಹೆದರಿದ್ದಕ್ಕೆ ಕಾರಣ ಆ ವಿಡಿಯೋ ಅಲ್ಲ. ನನಗೆ ಗೊತ್ತು. ನಾನು ಎಂಟು ವರ್ಷದವನು, ಅವಳಿಗೆ ಹನ್ನೆರಡು. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರುವ ರಾತ್ರಿ. ಅಪ್ಪ ಮೂರು ಸೆಲ್ಲಿನ ಟಾರ್ಚ್ ಹಿಡಿದು ಹೋಗಿದ್ದರು. ಆ ಸೆಲ್ಲುಗಳನ್ನು ಹಗಲು ಹೆಂಚಿನ ಮೇಲೆ ಬಿಸಿಲಿಗಿಟ್ಟು, ಮಳೆಗಾಲದಲ್ಲಿ ಒಲೆಯ ಪಕ್ಕ ಇಟ್ಟು, ಇನ್ನೊಂದು ವಾರ ಅಂತ ಓಡಿಸುತ್ತಿದ್ದ ಕಾಲ. ಅಮ್ಮ ಜಗಲಿಯಲ್ಲಿ ನಿಂತು ಗದ್ದೆಯಾಚೆ ಓಡಾಡುವ ಬೆಳಕು ನೋಡುತ್ತಿದ್ದಳು. ಬೆಳಕು ಹಳ್ಳದ ಅಂಚಿಗೆ ಹೋಯಿತು, ಅಲ್ಲೇ ಆರಿತು. ಅಮ್ಮ ಕೂಗಿದಳು, ಮಳೆಯ ಸದ್ದಿಗೆ ಅದು ಅಂಗಳವನ್ನೂ ದಾಟಲಿಲ್ಲ. ನಾನು ಜಗಲಿಯಲ್ಲೇ ನಿದ್ದೆ ಹೋದೆ. ಅಕ್ಕ ಅಮ್ಮನ ಸೆರಗು ಹಿಡಿದು ಅಪ್ಪ ಬರುವ ತನಕ ನಿಂತೇ ಇದ್ದಳಂತೆ. ಅಪ್ಪ ಬುಟ್ಟಿ ತುಂಬ ಮೀನು ತಂದರು. ಅಮ್ಮ ಒಂದು ಮಾತೂ ಬೈಯಲಿಲ್ಲ. ಮುಂದಿನ ಸಂತೆಯಲ್ಲಿ ಮೂರು ಹೊಸ ಸೆಲ್ ತಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ನೂಲು ಕಟ್ಟಿ, ಅಪ್ಪನ ಒಳ ಅಂಗಿಯ ಜೇಬಿಗೆ ಇಟ್ಟಳು. ಆಮೇಲೆ ಪ್ರತಿ ಮಳೆಗಾಲವೂ.

ಭಾನುವಾರ ಕಣದ ಮೂಲೆಯಲ್ಲಿ ಅಕ್ಕ ನಿಂತ ರೀತಿ ಹಾಗೇ ಇತ್ತು. ನಾನು ಈ ಸಲ ಪೂರ್ತಿ ಎಚ್ಚರವಾಗಿದ್ದೆ.

53 ನಿಮಿಷ. ಆಮೇಲೆ ರಿಂಗ್ ಆಯಿತು.

"ಅಮ್ಮ, ಫೋನ್ ಸತ್ತೋಗಿತ್ತು" ಅಂದ. ಅಕ್ಕನಿಗೆ ಮೊದಲ ಪದ ಬಿಟ್ಟು ಏನೂ ಕೇಳಿಸಲಿಲ್ಲ, ಅಳಲು ಶುರು ಮಾಡಿದಳು. ಭಾವ ಕುಂಟೆ ಅಲ್ಲೇ ಬಿಟ್ಟು ಓಡಿ ಬಂದರು, ಫೋನ್ ಇಸ್ಕೊಂಡು "ಊಟ ಆಯ್ತಾ" ಅಂತ ಕೇಳಿದರು. ಅದೊಂದೇ ಕೇಳಿದ್ದು.

ಆಗಿದ್ದು ಇಷ್ಟು. ದಪ್ಪ ಐಸ್ ರಾತ್ರಿ ಚಳಿ ಏರಿದ ಹಾಗೆ ಕುಗ್ಗುತ್ತದೆ, ಬಿಗಿಯುತ್ತದೆ, ಉದ್ದುದ್ದ ಬಿರುಕು ಬಿಟ್ಟು ಕೂಗುತ್ತದೆ. ಅಲ್ಲಿಯವರಿಗೆ ಅದು ಮಾಮೂಲು. ಆ ಸದ್ದು ನಮಗೆ ಕೇಳಿಸಲಿ ಅಂತ ಇವನು ಫೋನನ್ನು ಐಸ್ ಮೇಲೆ ಮಲಗಿಸಿದ್ದ! "ಕೇಳಿ ಮಾವ" ಅನ್ನುವಷ್ಟರಲ್ಲಿ ಆಫ್. ಐಸ್ ಒಂದೂವರೆ ಅಡಿ ದಪ್ಪ ಇತ್ತಂತೆ. ನಡೆದು ಹೋಗಲು ಗಟ್ಟಿ ಐಸ್ 4 ಇಂಚಾದರೂ ಇರಬೇಕು, ಸಣ್ಣ ಕಾರಿಗೆ 9–10 ಇಂಚು ಅಂತ ಮಿನೆಸೋಟಾ ಸರ್ಕಾರದವರೇ ಹೇಳುತ್ತಾರೆ. ಅಜ್ಜ ಹೋದ ಕಡೆಯೆಲ್ಲ ತೂತು ಕೊರೆದು ಅಳೆದೇ ಮುಂದೆ ಹೆಜ್ಜೆ ಇಡುವುದಂತೆ.

ಪವರ್ ಬ್ಯಾಂಕ್ ಚುಚ್ಚಲು ಹೋದವನನ್ನು ಅಜ್ಜ ತಡೆದರಂತೆ. ಅವರು ಬ್ಯಾಟರಿ ಬಲ್ಲವರು ಅಂತ ನನಗೆ ಅಲ್ಲೇ ಗೊತ್ತಾಯಿತು. ಸೊನ್ನೆಗಿಂತ ತಣ್ಣಗಿರುವ ಲಿಥಿಯಂ ಬ್ಯಾಟರಿಗೆ ಚಾರ್ಜ್ ಕೊಟ್ಟರೆ ಲಿಥಿಯಂ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಆ ಹಾನಿ ಮತ್ತೆ ಸರಿಹೋಗುವುದಿಲ್ಲ. ಫೋನನ್ನು ಕಂಕುಳಲ್ಲಿ ಇಟ್ಟುಕೋ ಅಂದರಂತೆ. ಮೂರು ಪದರ ಬಟ್ಟೆಯೊಳಗೆ ಮೈಗೆ ಒತ್ತಿಕೊಂಡು ಕೂತ. ಬಿಸಿಯಾದ ಮೇಲೆ ಆನ್ ಆಯಿತು. 31 ತೋರಿಸಿತು.

ಅಜ್ಜನ ಮೀನು ಹುಡುಕುವ ಯಂತ್ರದ ಬ್ಯಾಟರಿಯನ್ನೂ ತೋರಿಸಿದ. 12 ವೋಲ್ಟ್, 7 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ). ನಾನು ಹಾಸನದಲ್ಲಿ ಕಂಪ್ಯೂಟರ್ ಯುಪಿಎಸ್‌ಗಳಿಗೆ ದಿನಾ ಹಾಕುವ ಅದೇ ಅಳತೆಯ ಕಪ್ಪು ಡಬ್ಬಿ! ನೋಡಿ ಯಾಕೋ ತುಂಬ ಸಂತೋಷವಾಯಿತು. ಅವರು ಅದನ್ನು ಐಸ್‌ಬಾಕ್ಸ್ ಒಳಗೆ ಇಟ್ಟಿದ್ದರು. ನಾವು ತಣ್ಣಗಿಡಲು ಬಳಸುವ ಡಬ್ಬ ಅಲ್ಲಿ ಬೆಚ್ಚಗಿಡಲು. ಯಂತ್ರದ ನೀರಿಗಿಳಿಯುವ ತುದಿಗೆ ತೊಂದರೆಯಿಲ್ಲ, ಮೇಲೆ ಎಷ್ಟೇ ಚಳಿಯಿದ್ದರೂ ಐಸ್ ಕೆಳಗಿನ ನೀರು ಸೊನ್ನೆಗಿಂತ ಕೆಳಗಿಳಿಯದು, ತಳದಲ್ಲಿ 4 ಡಿಗ್ರಿ ಹತ್ತಿರ ಇರುತ್ತದೆ. ಮೀನು ಬದುಕುವುದೂ ಅದರಿಂದಲೇ. ಕಷ್ಟ ಇರುವುದು ಮೇಲಿನ ಬ್ಯಾಟರಿಗೆ, ಪರದೆಗೆ, ಕೇಬಲ್ಲಿಗೆ. ಚಾರ್ಜ್ ಇಳಿದ ಲೆಡ್ ಆಸಿಡ್ ಬ್ಯಾಟರಿಯಾದರೆ ಒಳಗಿನ ಆಸಿಡ್ ನೀರಾಗಿ, ಆ ಚಳಿಗೆ ಹೆಪ್ಪುಗಟ್ಟಿ ಡಬ್ಬವೇ ಬಿರಿಯಬಹುದು. ಹತ್ತೊಂಬತ್ತು ವರ್ಷದಿಂದ ಬೇಸಿಗೆಯ ಸೆಕೆಗೆ ಹಾಳಾದ ಬ್ಯಾಟರಿಗಳನ್ನೇ ನೋಡಿದವನು ನಾನು.

ಆದರೆ ಒಂದು ಮಾತಿಗೆ ಅವನನ್ನು ಚೆನ್ನಾಗಿ ಬೈದೆ. ಅಜ್ಜನ ಒಳ ಜೇಬಿನಲ್ಲಿ ಬೆಚ್ಚಗಿದ್ದ ಇನ್ನೊಂದು ಫೋನ್ ಇತ್ತು. ಅದರಿಂದ ಒಂದು ನಿಮಿಷದಲ್ಲಿ ಹೇಳಬಹುದಿತ್ತು. ಯಾಕೆ ಮಾಡಲಿಲ್ಲ?

"ಮಾವ, ಅಮ್ಮನ ನಂಬರ್ ನೆನಪಿಲ್ಲ."

ಯಾರದ್ದೂ ನೆನಪಿಲ್ಲ ಅವನಿಗೆ. ಎಲ್ಲ ಆ ಆಫ್ ಆದ ಫೋನಿನ ಒಳಗೇ ಇತ್ತು. ಇದು ಅವನೊಬ್ಬನ ಕಥೆಯಲ್ಲ. ಕಾಡಾನೆ ಎಲ್ಲಿದೆ ಅಂತ ಫೋನಿಗೆ ಮೆಸೇಜ್ ಬರುವ ಊರು ನಮ್ಮದು, ಆ ಊರಿನಲ್ಲೂ ರಾತ್ರಿ ಫೋನ್ ಸತ್ತರೆ ಬೇರೆಯವರ ಫೋನಿನಿಂದ ಮನೆಗೆ ಕರೆ ಮಾಡಲು ಎಷ್ಟು ಜನಕ್ಕೆ ಆಗುತ್ತದೆ? ಸೋಮವಾರ ಅಂಗಡಿಗೆ ಬಂದ ಹುಡುಗರನ್ನು ಕೇಳಿದೆ. ಆರು ಜನರಲ್ಲಿ ಒಬ್ಬ ಮಾತ್ರ ತನ್ನ ತಾಯಿಯ ನಂಬರ್ ಹೇಳಿದ.

ಅಕ್ಕ ಅವನಿಗೆ ಷರತ್ತು ಹಾಕಿದ್ದಾಳೆ. ಕೆರೆಗೆ ಹೋಗು, ಬೇಡ ಅನ್ನಲ್ಲ. ಹೋಗುವ ಮುಂಚೆ ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಹೇಳು. ಅಜ್ಜನ ನಂಬರ್ ಕೊಡು. ಹಳೇ ಫೋನೊಂದನ್ನು ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ಒಳ ಅಂಗಿಯ ಜೇಬಲ್ಲಿ ಮೈಗೆ ತಾಗಿಸಿ ಇಟ್ಕೋ. ಈ ಕೊನೆಯದನ್ನು ಹೇಳುವಾಗ ನನ್ನ ಮುಖ ನೋಡಿದಳು. ಇಬ್ಬರಿಗೂ ಅಮ್ಮನ ಪ್ಲಾಸ್ಟಿಕ್ ಕವರ್ ನೆನಪಾಗಿತ್ತು.

ಮಂಗಳವಾರ ಅವನು ಕೆರೆಯ ಸದ್ದು ರೆಕಾರ್ಡ್ ಮಾಡಿ ಕಳಿಸಿದ. ಬಿಗಿದ ತಂತಿ ಬೇಲಿಗೆ ದೂರದಲ್ಲಿ ಯಾರೋ ಕಲ್ಲು ಹೊಡೆದ ಹಾಗೆ, ಅದು ಗುಂಯ್ ಅಂತ ಒಂದು ಮೈಲಿ ಓಡಿದ ಹಾಗೆ. ಅದನ್ನು ನಾನೂ ತುಂಬ ಸಲ ಕೇಳಿದೆ. ಅಕ್ಕ ಒಂದು ಸಲ ಕೇಳಿ ಸಾಕು ಅಂದಳು.

ನಿನ್ನೆ ರಾತ್ರಿ ಮೂವರೂ ಕಾಲ್‌ನಲ್ಲಿದ್ದೆವು. ಅಕ್ಕ ಬೇರೇನೂ ಮಾತಾಡಲಿಲ್ಲ.

"ನಂಬರ್ ಹೇಳು."

ಹೇಳಿದ. ಎಂಟನೆಯ ಅಂಕಿಯಲ್ಲಿ ತಡವರಿಸಿದ, ಆಮೇಲೆ ಸರಿಮಾಡಿಕೊಂಡ.

"ಇನ್ನೊಂದ್ಸಲ ಹೇಳು ಪುಟ್ಟ."