ಟೀಚರುಗಳು ಯಾಕೆ ನಿಲ್ಲೋದಿಲ್ಲ ಅಂತ ಕೇಳುವವರಿಗೆ

"ನಿಮ್ಮ ಶಾಲೆಗಳಲ್ಲಿ ಟೀಚರುಗಳು ಯಾಕೆ ನಿಲ್ಲೋದಿಲ್ಲ?" ನಾನು ಮುಂಬೈಯ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವಳು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ. ಹೇಳಿ ಹೇಳಿ ಸಾಕಾಗಿದೆ. ಬರೆದೇ ಬಿಡುತ್ತೇನೆ.

ಹೋದ ತಿಂಗಳು ಮಾಟುಂಗಾದಲ್ಲಿ ಮದುವೆ. ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು, "ಈಗಿನವರಿಗೆ ಸೇವಾ ಮನೋಭಾವವೇ ಇಲ್ಲ, ಅಲ್ವಾ ಟೀಚರ್?" ಅಂದರು. ಮುಂದೆ ಊಟ ಸೇರಲಿಲ್ಲ ನನಗೆ.

ಸೇವೆ ಅಂತೆ! ಮಹಾರಾಷ್ಟ್ರದಲ್ಲಿ ಹೊಸ ಟೀಚರ ಹುದ್ದೆಯ ಹೆಸರೇ 'ಶಿಕ್ಷಣ ಸೇವಕ'. 2000ದಲ್ಲಿ ಶುರುವಾದ ಪದ್ಧತಿ. ಮೊದಲ ಮೂರು ವರ್ಷ ಪೂರ್ತಿ ಸಂಬಳ ಇಲ್ಲ, ಮಾನಧನ ಮಾತ್ರ, ಅಂದರೆ ಗೌರವಧನ. ಪ್ರಾಥಮಿಕ ಶಾಲೆಯವರಿಗೆ 2022ರ ಕೊನೆಯವರೆಗೂ ಅದು ತಿಂಗಳಿಗೆ 6,000 ರೂಪಾಯಿ. 2023ರಿಂದ 16,000.

ಅಕ್ಕಲಕೋಟೆ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಆ ಆರು ಸಾವಿರದ ಕಾಲದವಳು. ಡೊಂಬಿವಲಿಯಲ್ಲಿ ನಾಲ್ವರು ಸೇರಿ ಒಂದು ರೂಮು. ಸಂಜೆ ಮನೆಪಾಠ. ಭಿನ್ನರಾಶಿ ಪಾಠದ ದಿನ ಜೋಳದ ರೊಟ್ಟಿ ತಂದು ಮಕ್ಕಳ ಎದುರೇ ಮುರಿಯುತ್ತಿದ್ದಳು, ಅರ್ಧ, ಕಾಲು, ಅರೆಕಾಲು. ಅಷ್ಟು ಚೆನ್ನಾಗಿ ಗಣಿತ ಹೇಳಿಕೊಟ್ಟವರನ್ನು ನಾನು ನೋಡಿಲ್ಲ. ಮೂರನೇ ವರ್ಷ ಮುಗಿಯುವ ಮೊದಲೇ ಬಿಟ್ಟಳು. "ಅಪ್ಪನ ಕಡೆ ಇನ್ನೂ ರೊಕ್ಕ ಕೇಳಾಕ ನಾಚಿಕಿ ಆಗ್ತದ್ರೀ ಮೇಡಂ" ಅಂದಳು. ಅವಳಲ್ಲಿ ಏನು ಕಡಿಮೆ ಇತ್ತು ಅಂತ ಆ ಹಿರಿಯರು ನನಗೆ ಹೇಳಲಿ.

ಮೂರು ವರ್ಷ ದಾಟಿದವರಿಗೂ ನೆಮ್ಮದಿ ಇಲ್ಲ. ಸೆಪ್ಟೆಂಬರ್ 30ಕ್ಕೆ ಎಷ್ಟು ಮಕ್ಕಳಿದ್ದಾರೆ ಅಂತ ನೋಡಿ ಶಾಲೆಯ ಹುದ್ದೆಗಳನ್ನು ಲೆಕ್ಕ ಹಾಕುತ್ತಾರೆ. ಅದಕ್ಕೆ ಸಂಚಮಾನ್ಯತೆ ಅನ್ನುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ಕ್ಲಾಸಿನವರೆಗೆ 60 ಮಕ್ಕಳಿಗೆ ಇಬ್ಬರು ಟೀಚರು, 61 ಆದರೆ ಮೂವರು. ಒಂದು ಸಂಸಾರ ಊರಿಗೆ ಹೊರಟುಹೋದರೂ ಸಾಕು, ಮೂರನೆಯವರು 'ಅತಿರಿಕ್ತ', ಅಂದರೆ ಹೆಚ್ಚುವರಿ, ಆಗಬಹುದು. ಸೆಪ್ಟೆಂಬರ್ ಬಂದರೆ ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ.

ಅಮೆರಿಕದಲ್ಲೂ ಹೀಗೇ ಬೇರೇನೋ ಕಾರಣ ಹೇಳುತ್ತಿದ್ದರು, ನಿವೃತ್ತಿ ಜಾಸ್ತಿ, ಅದಕ್ಕೇ ಟೀಚರುಗಳ ಕೊರತೆ ಅಂತ. ರಿಚರ್ಡ್ ಇಂಗರ್ಸಾಲ್ ಎಂಬ ಸಂಶೋಧಕ 2001ರಲ್ಲಿ ಲೆಕ್ಕ ತೆಗೆದು ತೋರಿಸಿದರು. ನಿವೃತ್ತಿಗಿಂತ ಮುಂಚೆಯೇ ಬಿಟ್ಟು ಹೋಗುವವರು ಎಷ್ಟೋ ಜಾಸ್ತಿ. ಕಡಿಮೆ ಸಂಬಳ, ಮೇಲಿನವರ ಬೆಂಬಲ ಇಲ್ಲದಿರುವುದು, ಶಾಲೆಯ ತೀರ್ಮಾನಗಳಲ್ಲಿ ತಮ್ಮ ಮಾತು ನಡೆಯದಿರುವುದು ಅವರು ಕಂಡ ಕಾರಣಗಳು. ಇದರಲ್ಲಿ ಯಾವುದು ನಮ್ಮಲ್ಲಿಲ್ಲ?

ಆ ಅಕ್ಕಲಕೋಟೆ ಹುಡುಗಿ ಹೋದ ಮೇಲೆ ಅವಳ ಕ್ಲಾಸಿಗೆ ಯಾರು ಹೋದರು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ನಾನು ಹೋದೆ. ಟಿಇಟಿ, ಅಂದರೆ ಟೀಚರುಗಳ ಅರ್ಹತಾ ಪರೀಕ್ಷೆ, ಪಾಸಾಗಿರಬೇಕು, ಕನ್ನಡದಲ್ಲಿ ಗಣಿತ ಕಲಿಸಬೇಕು, ಆ ದುಡ್ಡಲ್ಲಿ ಮುಂಬೈಯಲ್ಲಿ ಬದುಕಬೇಕು. ಅಂಥವರು ಸಿಗಲು ಏಳು ತಿಂಗಳಾಯಿತು. ಅಲ್ಲಿವರೆಗೆ ಆಫೀಸಿನ ಕೆಲಸದ ನಡುವೆ ವಾರಕ್ಕೆ ಎರಡೋ ಮೂರೋ ಪೀರಿಯಡ್ ಸಿಕ್ಕರೆ ಅದೇ ಜಾಸ್ತಿ. "ರೊಟ್ಟಿ ಟೀಚರ್ ಯಾವಾಗ ಬರ್ತಾರೆ?" ಅಂತ ಮಕ್ಕಳು ದೀಪಾವಳಿವರೆಗೂ ಕೇಳಿದರು. ಆ ವರ್ಷ ಐದನೇ ಕ್ಲಾಸಿನವರಿಗೆ ದಶಮಾಂಶದ ಪಾಠ ಆಗಲೇ ಇಲ್ಲ.